ಕೋಶಕೇಂದ್ರವೇ ಇಲ್ಲದ ಕೆಂಪು ರಕ್ತಕಣವನ್ನು ಜೀವಂತ ಕೋಶ ಎನ್ನಬಹುದೇ?

ಪ್ರಶ್ನೆ: ಜೀವಕೋಶದ ಎಲ್ಲ ಚಟುವಟಿಕೆಗಳನ್ನೂ ಕೋಶಕೇಂದ್ರ ನಿಯಂತ್ರಿಸುತ್ತದೆ ಎಂದು ಓದಿದ್ದೇವೆ. ಮನುಷ್ಯರ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇರುವುದಿಲ್ಲ ಎಂದೂ ಓದಿದ್ದೇವೆ. ಹಾಗಿದ್ದರೆ ಅದು ಜೀವಂತ ಕೋಶವೇ, ಅಥವಾ ಹಿಮೋಗ್ಲೋಬಿನ್ ತುಂಬಿದ ಬರಿಯ ಚೀಲವೇ?

ಉತ್ತರ: ಅದು ಜೀವಂತ ಕೋಶವೇ ಹೌದು. ಆದರೆ ಅದರದು ಸುಮಾರು 120 ದಿನಗಳ, ದುರಸ್ತಿಗೆ ಹೆಚ್ಚು ಅವಕಾಶವಿಲ್ಲದ ಬದುಕು.

ಕೆಂಪು ರಕ್ತಕಣಕ್ಕೂ ಆರಂಭದಲ್ಲಿ ಕೋಶಕೇಂದ್ರ ಇರುತ್ತದೆ. ಅಸ್ಥಿಮಜ್ಜೆಯಲ್ಲಿ ಅದು ರೂಪುಗೊಳ್ಳುವಾಗ ಕೋಶಕೇಂದ್ರ, ಶಕ್ತಿ ಒದಗಿಸುವ ಮೈಟೊಕಾಂಡ್ರಿಯ, ಪ್ರೋಟೀನ್ ಕಟ್ಟುವ ರೈಬೋಸೋಮ್ ಎಲ್ಲವೂ ಅದರೊಳಗೆ ಇದ್ದು, ಡಿಎನ್‌ಎಯಲ್ಲಿರುವ ಮಾಹಿತಿಯಂತೆ ಹಿಮೋಗ್ಲೋಬಿನ್ ಭರದಿಂದ ತಯಾರಾಗುತ್ತದೆ. ಈ ಕೆಲಸ ಬಹುಪಾಲು ಮುಗಿದ ಮೇಲೆ ಕೋಶವು ತನ್ನ ಕೋಶಕೇಂದ್ರವನ್ನು ಹೊರಕ್ಕೆ ತಳ್ಳುತ್ತದೆ, ಮಜ್ಜೆಯಲ್ಲೇ ಇರುವ ಭಕ್ಷಕ ಕೋಶಗಳು ಅದನ್ನು ನುಂಗಿಹಾಕುತ್ತವೆ. ರಕ್ತಕ್ಕೆ ಇಳಿದ ಒಂದೆರಡು ದಿನಗಳಲ್ಲಿ ಅಳಿದುಳಿದ ರೈಬೋಸೋಮ್ ಮತ್ತು ಮೈಟೊಕಾಂಡ್ರಿಯಗಳೂ ಇಲ್ಲವಾಗುತ್ತವೆ. ಹೀಗೆ ತೆರವಾದ ಜಾಗವೆಲ್ಲ ಸರಕಿಗೆ ಮೀಸಲು: ಒಂದೊಂದು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿದ್ದು, ಪ್ರತಿ ಅಣುವೂ ಆಮ್ಲಜನಕದ 4 ಅಣುಗಳನ್ನು ಹೊರಬಲ್ಲದು.

ಮೈಟೊಕಾಂಡ್ರಿಯ ಇಲ್ಲದ್ದರಿಂದ ಇನ್ನೊಂದು ವಿಚಿತ್ರ ಪರಿಣಾಮವೂ ಉಂಟು. ಶಕ್ತಿಗಾಗಿ ಆಮ್ಲಜನಕವನ್ನು ಬಳಸಿಕೊಳ್ಳುವ ಅಂಗಕವೇ ಇಲ್ಲವಾದ ಮೇಲೆ, ಕೆಂಪು ರಕ್ತಕಣವು ಹೊತ್ತ ಮೂಟೆಗೆ ಕೈ ಹಾಕದ ಹಮಾಲಿಯಂತೆ ಆಮ್ಲಜನಕವನ್ನು ಇಡಿಯಾಗಿ ಅಂಗಾಂಶಗಳಿಗೆ ತಲುಪಿಸುತ್ತದೆ. ತನ್ನ ಖರ್ಚಿಗೆ ಬೇಕಾದ ಶಕ್ತಿಯನ್ನು ಅದು ರಕ್ತದ ದ್ರವಭಾಗವಾದ ಪ್ಲಾಸ್ಮಾದಿಂದ ಪಡೆದ ಗ್ಲುಕೋಸನ್ನು ಆಮ್ಲಜನಕದ ನೆರವಿಲ್ಲದೆ ಒಡೆದು ಗಳಿಸುತ್ತದೆ. ಒಂದು ಗ್ಲುಕೋಸ್ ಅಣುವಿಗೆ ದಕ್ಕುವುದು ಕೋಶದ ಶಕ್ತಿಯ ನಾಣ್ಯವೆನ್ನಬಹುದಾದ ಎಟಿಪಿಯ 2 ಅಣುಗಳು ಮಾತ್ರ. ಮೈಟೊಕಾಂಡ್ರಿಯ ಇರುವ ಕೋಶಕ್ಕೆ ಸಿಗುವ ಸುಮಾರು 30ರ ಮುಂದೆ ಇದು ತೀರಾ ಬಡ ಆದಾಯ.

ಆ ಅಲ್ಪ ಗಳಿಕೆಯನ್ನು ಅದು ಎಲ್ಲಿ ವೆಚ್ಚ ಮಾಡುತ್ತದೆ ಎಂಬುದರಲ್ಲಿಯೇ ನಿಮ್ಮ ಪ್ರಶ್ನೆಯ ಉತ್ತರವಿದೆ. ಕೋಶಪೊರೆಯಲ್ಲಿರುವ ಪಂಪುಗಳು ಎಟಿಪಿಯನ್ನು ಬಳಸಿ, ಪ್ರತಿ ಸುತ್ತಿನಲ್ಲಿ 3 ಸೋಡಿಯಂ ಅಯಾನುಗಳನ್ನು ಹೊರಕ್ಕೆ ಹಾಕಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳಕ್ಕೆ ತರುತ್ತವೆ. ಪಂಪು ನಿಂತರೆ ಸೋಡಿಯಂ ಒಳಗೇ ಸೇರತೊಡಗಿ, ಅದರ ಬೆನ್ನಿಗೆ ನೀರೂ ನುಗ್ಗಿ, ಕಣವು ಊದಿಕೊಂಡು ಕೊನೆಗೆ ಒಡೆಯುತ್ತದೆ. 7ರಿಂದ 8 ಮೈಕ್ರೊಮೀಟರ್ ಅಗಲದ ಈ ಕಣವು ತನಗಿಂತ ಕಿರಿದಾದ ಲೋಮನಾಳಗಳಲ್ಲಿ ಮಡಚಿಕೊಂಡು ನುಸುಳಿ, ಆಚೆ ಬಂದೊಡನೆ ಮತ್ತೆ ನಡು ತಗ್ಗಾದ ಬಿಲ್ಲೆಯಾಗಬೇಕಾದರೆ ಪೊರೆಯ ಕೆಳಗಿನ ಪ್ರೋಟೀನ್ ಬಲೆಯೂ ಸುಸ್ಥಿತಿಯಲ್ಲಿರಬೇಕು. ಒಳಗನ್ನು ಹೊರಗಿಗಿಂತ ಬೇರೆಯಾಗಿ ಉಳಿಸಿಕೊಳ್ಳಲು ಕ್ಷಣಕ್ಷಣವೂ ದುಡಿಯುವ ಈ ವಸ್ತುವನ್ನು ಬರಿಯ ಚೀಲ ಎನ್ನಲಾಗದು. ದಾನಿಯ ರಕ್ತವನ್ನು ಸಂಗ್ರಹಿಸುವ ಚೀಲದಲ್ಲಿ ಡೆಕ್ಸ್‌ಟ್ರೋಸ್, ಅಂದರೆ ಗ್ಲುಕೋಸನ್ನೇ ಬೆರೆಸಿರುತ್ತಾರೆ. ರಕ್ತನಿಧಿಯ ತಂಪಿನಲ್ಲಿಯೂ ಕಣಗಳು ಅದನ್ನು ನಿಧಾನವಾಗಿ ಬಳಸುತ್ತಲೇ ಇರುತ್ತವೆ. ಸತ್ತ ಕೋಶಕ್ಕೆ ಯಾರೂ ಸಕ್ಕರೆ ಉಣಿಸುವುದಿಲ್ಲ.

ಗೊಂದಲಕ್ಕೆ ಕಾರಣ, ನನ್ನ ದೃಷ್ಟಿಯಲ್ಲಿ, ‘ನಿಯಂತ್ರಿಸುತ್ತದೆ’ ಎಂಬ ಪದವೇ. ಕೋಶಕೇಂದ್ರವು ಕುರ್ಚಿಯಲ್ಲಿ ಕುಳಿತು ಗಳಿಗೆಗೊಂದು ಅಪ್ಪಣೆ ಹೊರಡಿಸುವ ಅಧಿಕಾರಿ ಎಂಬ ಚಿತ್ರವನ್ನು ಆ ಪದ ಮೂಡಿಸುತ್ತದೆ. ವಾಸ್ತವದಲ್ಲಿ ಅಲ್ಲಿರುವುದು ಯಾವ ಪ್ರೋಟೀನನ್ನು ಹೇಗೆ ಕಟ್ಟಬೇಕೆಂಬ ಮಾಹಿತಿ, ಮತ್ತು ಯಾವುದನ್ನು ಯಾವಾಗ ಕಟ್ಟಬೇಕೆಂಬ ಏರ್ಪಾಡು. ಒಮ್ಮೆ ತಯಾರಾದ ಪ್ರೋಟೀನ್ ತಾನು ಸವೆಯುವ ತನಕ ಕೋಶಕೇಂದ್ರವನ್ನು ಕೇಳದೆಯೇ ಕೆಲಸ ಮಾಡುತ್ತದೆ. ಕೆಂಪು ರಕ್ತಕಣವು ದೂರದ ಪಯಣಕ್ಕೆ ಬುತ್ತಿ ಕಟ್ಟಿಕೊಂಡವರಂತೆ ಇಂಥ ಪ್ರೋಟೀನುಗಳನ್ನು ಮೊದಲೇ ತುಂಬಿಕೊಂಡು ಹೊರಟಿರುತ್ತದೆ. (ಬುತ್ತಿ ಎಂದರೆ ಇಲ್ಲಿ ಆಹಾರವಲ್ಲ; ಗ್ಲುಕೋಸ್ ದಾರಿಯುದ್ದಕ್ಕೂ ಸಿಗುತ್ತದೆ.)

ಬುತ್ತಿ ತೀರಿದರೆ ಮತ್ತೆ ಕಟ್ಟಿಕೊಳ್ಳುವ ದಾರಿ ಇಲ್ಲ. ಕೆಂಪು ರಕ್ತಕಣವು ವಿಭಜನೆ ಹೊಂದಲಾರದು, ಹೊಸ ಪ್ರೋಟೀನ್ ತಯಾರಿಸಲಾರದು. ಹಳತಾದ ಕಣದ ಪೊರೆ ಬಿರುಸಾಗುತ್ತದೆ. ರಕ್ತವನ್ನು ಸೋಸುವ ಅಂಗವಾದ ಗುಲ್ಮದ ಇಕ್ಕಟ್ಟಾದ ಸೀಳುಗಳಲ್ಲಿ ನುಸುಳಲಾರದ ಅಂಥ ಕಣಗಳನ್ನು ಭಕ್ಷಕ ಕೋಶಗಳು ಹಿಡಿದು ಅರಗಿಸಿಕೊಂಡು, ಅವುಗಳಲ್ಲಿನ ಕಬ್ಬಿಣವನ್ನು ಮರುಬಳಕೆಗೆ ಒದಗಿಸುತ್ತವೆ. ಮಧುಮೇಹಿಗಳು ಮಾಡಿಸಿಕೊಳ್ಳುವ ಎಚ್‌ಬಿಎ1ಸಿ ಪರೀಕ್ಷೆ ಈ ಆಯಸ್ಸನ್ನೇ ನೆಚ್ಚಿಕೊಂಡಿದೆ: ಹಿಮೋಗ್ಲೋಬಿನ್‌ಗೆ ರಕ್ತದಲ್ಲಿನ ಗ್ಲುಕೋಸ್ ಸ್ವಲ್ಪ ಸ್ವಲ್ಪವೇ ಅಂಟಿಕೊಳ್ಳುತ್ತದೆ; ಹೀಗೆ ಗಟ್ಟಿಯಾಗಿ ಅಂಟಿಕೊಂಡದ್ದು ಆ ರಕ್ತಕಣ ಅಳಿಯುವವರೆಗೂ ಉಳಿಯುವುದರಿಂದ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಮಟ್ಟ ಅದರಿಂದ ತಿಳಿಯುತ್ತದೆ.

ಕೋಳಿ, ಕಪ್ಪೆ, ಹಾವುಗಳ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರ ಇದ್ದೇ ಇರುತ್ತದೆ; ಅದನ್ನು ಕಳೆದುಕೊಳ್ಳುವುದು ಸಸ್ತನಿಗಳ ಲಕ್ಷಣ. ಹೂಬಿಡುವ ಸಸ್ಯಗಳಲ್ಲಿ ಆಹಾರವನ್ನು ಸಾಗಿಸುವ ಜರಡಿ ನಾಳದ ಕೋಶಗಳೂ ಬಲಿತ ಮೇಲೆ ಕೋಶಕೇಂದ್ರವಿಲ್ಲದೆಯೇ ಬದುಕುತ್ತವೆ. ಆದರೆ ಅವುಗಳಿಗೆ ಪಕ್ಕದ ಸಂಗಾತಿ ಕೋಶದ ಆಸರೆಯಿದೆ. ನಮ್ಮ ರಕ್ತಕಣಕ್ಕೆ ಅದೂ ಇಲ್ಲ.

ಇಷ್ಟು ಓದಿದವರಿಗೆ, ಹಾಗಾದರೆ ರಕ್ತದಿಂದ ಡಿಎನ್‌ಎ ಪರೀಕ್ಷೆ ಮಾಡುವುದು ಹೇಗೆ ಎಂಬ ಸಂದೇಹ ಬರಬಹುದು. ಆ ಡಿಎನ್‌ಎ ಸಿಗುವುದು ಬಿಳಿ ರಕ್ತಕಣಗಳಿಂದ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಕೆಂಪು ಕಣಗಳು ಸುಮಾರು 50 ಲಕ್ಷ ಇದ್ದರೆ ಬಿಳಿಯವು 4,000ದಿಂದ 11,000 ಮಾತ್ರ. ಆದರೆ ಅವುಗಳಲ್ಲಿ ಕೋಶಕೇಂದ್ರ ಇರುವುದರಿಂದ, ಕೆಲವೇ ಹನಿ ರಕ್ತವಿದ್ದರೂ ಪರೀಕ್ಷೆಗೆ ಸಾಕಾಗುತ್ತದೆ.