ಸದ್ದು ಮಾಡುವ ಪ್ರೇಕ್ಷಕರಿಗೂ ಒಂದು ಸೀಟು

ನಾಟಕ ನೋಡುವವರು ಕತ್ತಲಲ್ಲಿ ಮಿಸುಕಾಡದೆ ಕೂರಬೇಕೆಂಬುದು ಅಷ್ಟೇನೂ ಹಳೆಯ ನಿಯಮವಲ್ಲ. ಯುರೋಪಿನ ರಂಗಮಂದಿರಗಳಲ್ಲಿ ಪ್ರದರ್ಶನದ ನಡುವೆಯೇ ಮಾತು, ಓಡಾಟ ಬಹುಕಾಲ ನಡೆದೇ ಇತ್ತು. 1876ರಲ್ಲಿ ಜರ್ಮನ್ ಸಂಗೀತ ಸಂಯೋಜಕ ವಾಗ್ನರ್ ಬೈರಾಯ್ಟ್ ಊರಿನ ತನ್ನ ರಂಗಮಂದಿರದಲ್ಲಿ ಪ್ರೇಕ್ಷಕರ ಮೇಲಿನ ಬೆಳಕನ್ನು ತಗ್ಗಿಸಿದ ನಂತರದ ದಶಕಗಳಲ್ಲಿ ಮೌನವೇ ಶಿಷ್ಟಾಚಾರವೆಂದು ಬೇರೂರಿತು. ನಮ್ಮ ಇರುಳಿಡೀ ನಡೆಯುವ ಬಯಲಾಟದಲ್ಲಿ ನಡುವೆ ಎದ್ದು ಹೋಗಿ ಚಹಾ ಕುಡಿದು ಬರುವವರನ್ನು ಯಾರೂ ಗದರುವುದಿಲ್ಲ. ಆದರೆ ಟಿಕೆಟ್ಟಿನ ಸಭಾಂಗಣದಲ್ಲಿ ಸಂತೋಷಕ್ಕೆ ಕೂಗುವ, ಕುಳಿತಲ್ಲೇ ತೂಗಾಡುವ ಆಟಿಸಂ ಇರುವ ಮಗುವಿನ ಮನೆಯವರು ಅಕ್ಕಪಕ್ಕದವರ ನೋಟಕ್ಕೆ ಹೆದರಿ ನಾಟಕದ ಆಸೆಯನ್ನೇ ಬಿಟ್ಟಿದ್ದರು.

ಮನಸ್ಸುಗಳ ಭಿನ್ನತೆಯನ್ನು ಕೇವಲ ಕಾಯಿಲೆಯೆಂದು ಕಾಣದ ‘ನರವೈವಿಧ್ಯ’ದ ವಿಚಾರ 1990ರ ದಶಕದ ಕೊನೆಗೆ ಚಲಾವಣೆಗೆ ಬಂದರೂ, ದೊಡ್ಡ ರಂಗಮಂದಿರಗಳನ್ನು ತಲುಪಲು ಅದಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. 2011ರ ಅಕ್ಟೋಬರ್ 2ರಂದು ನ್ಯೂಯಾರ್ಕಿನ ಮಿನ್ಸ್‌ಕಾಫ್ ರಂಗಮಂದಿರದಲ್ಲಿ ‘ದ ಲಯನ್ ಕಿಂಗ್’ ಸಂಗೀತ ನಾಟಕದ ಒಂದು ಪ್ರದರ್ಶನದ ಸೀಟುಗಳನ್ನೆಲ್ಲ ಟಿ.ಡಿ.ಎಫ್. ಎಂಬ ಸಂಸ್ಥೆ ತಾನೇ ಕೊಂಡು, ಆಟಿಸಂ ಇರುವವರ ಕುಟುಂಬಗಳಿಗೆ ಕಡಿಮೆ ದರಕ್ಕೆ ಕೊಟ್ಟಿತು. ಬೆಚ್ಚಿಬೀಳಿಸುವ ಸದ್ದು ತಗ್ಗಿತು, ಪ್ರೇಕ್ಷಕರತ್ತ ಮಿನುಗುವ ದೀಪಗಳು ಆರಿದವು, ಬಳಲಿದ ಮಕ್ಕಳಿಗೆ ಹೊರಗೆ ಶಾಂತವಾದ ಜಾಗವಿತ್ತು. ಕಥೆಯಲ್ಲಿ ಒಂದಕ್ಷರವೂ ಬದಲಾಗಬೇಕಿರಲಿಲ್ಲ. ಬ್ರಿಟನ್ನಿನಲ್ಲಿಯೂ ಇದೇ ಹೊತ್ತಿಗೆ ‘ರಿಲ್ಯಾಕ್ಸ್ಡ್ ಪರ್ಫಾರ್ಮೆನ್ಸ್’ (ಕಟ್ಟುಪಾಡು ಸಡಿಲಿಸಿದ ಪ್ರದರ್ಶನ) ಎಂಬ ಹೆಸರಿನಲ್ಲಿ ಇಂಥ ಪ್ರದರ್ಶನಗಳು ಹರಡಿದವು.

ತೊಡಕು ಶುರುವಾದದ್ದು ಇಲ್ಲಿಂದಲೇ. ಋತುವಿಗೊಮ್ಮೆ ಒಂದು ಮಧ್ಯಾಹ್ನವನ್ನು ಬಿಟ್ಟುಕೊಟ್ಟರೆ ಮಿಕ್ಕ ಪ್ರದರ್ಶನಗಳ ಗತಿಯೇನು? 2015ರಲ್ಲಿ ನ್ಯೂಯಾರ್ಕಿನಲ್ಲಿ ‘ದ ಕಿಂಗ್ ಅಂಡ್ ಐ’ನ ಸಾಮಾನ್ಯ ಪ್ರದರ್ಶನವೊಂದರಲ್ಲಿ ಆಟಿಸಂ ಇರುವ ಮಗುವೊಂದು ಕೂಗಿದಾಗ ಪ್ರೇಕ್ಷಕರಲ್ಲಿ ಕೆಲವರು ಸಿಡುಕಿದರು, ಅದೇ ನಾಟಕದ ನಟ ಕೆಲ್ವಿನ್ ಮೂನ್ ಲೋ ತಾಯಿಯ ಪರ ನಿಂತು ಫೇಸ್‌ಬುಕ್‌ನಲ್ಲಿ ಬರೆದದ್ದು ದೂರದವರೆಗೆ ಹಬ್ಬಿತು. ತಡೆಯಲಾಗದ ಉದ್ಗಾರ, ಚಲನೆಗಳನ್ನು ಉಂಟುಮಾಡುವ ಟುರೆಟ್ ಸಿಂಡ್ರೋಮ್ ಇರುವ ಲಂಡನ್ನಿನ ಕಲಾವಿದೆ ಜೆಸ್ ಥಾಮ್ ಅವರನ್ನಂತೂ, ನಾಟಕ ನೋಡಲು ಹೋದಾಗ ಒಮ್ಮೆ ಅವರ ಉದ್ಗಾರಗಳ ಬಗ್ಗೆ ದೂರು ಬಂದ ಕಾರಣಕ್ಕೆ ಧ್ವನಿ ನಿಯಂತ್ರಣದ ಕೋಣೆಯಲ್ಲಿ ಕೂರಿಸಲಾಗಿತ್ತು. ಯಾರೂ ಎಬ್ಬಿಸಲಾಗದ ಸೀಟು ಇರುವುದು ರಂಗದ ಮೇಲೆ ಮಾತ್ರ ಎಂದು ಕಂಡುಕೊಂಡ ಅವರು 2014ರಲ್ಲಿ ಎಡಿನ್‌ಬರೋ ಫ್ರಿಂಜ್ ರಂಗೋತ್ಸವಕ್ಕೆ ತಮ್ಮದೇ ರಂಗಪ್ರಯೋಗ ತಂದರು.

ಪ್ರಶ್ನೆ ಹೀಗೆ ಸಭಾಂಗಣದಿಂದ ರಂಗಕ್ಕೆ ಏರಿತು. ಆಟಿಸಂ ಇರುವವನೆಂದೇ ಬಹುತೇಕರು ಅರ್ಥೈಸಿಕೊಂಡ ‘ದ ಕ್ಯೂರಿಯಸ್ ಇನ್ಸಿಡೆಂಟ್’ ನಾಟಕದ ನಾಯಕನ ಪಾತ್ರ ಅಮೆರಿಕದಲ್ಲಿ ಆಟಿಸಂ ಇರುವ ನಟ ಮಿಕ್ಕಿ ರೋ ಅವರಿಗೆ ದಕ್ಕಿದ್ದು 2017ರಲ್ಲಿ; ಅಷ್ಟರಲ್ಲಿ ಆ ನಾಟಕ ರಂಗಕ್ಕೆ ಬಂದು ಐದು ವರ್ಷ ಕಳೆದಿತ್ತು.