ಪಿಯಾನೊ ನುಡಿಸುವವರು ಒಬ್ಬರು, ಇನ್ನೊಬ್ಬರಿಗೆ ಏನು ಕೆಲಸ?

ಪ್ರಶ್ನೆ: ಪಿಯಾನೊ ವಾದಕರೂ ಎಲೆಕ್ಟ್ರಾನಿಕ್ ಪ್ರೊಡ್ಯೂಸರೂ (ಕಂಪ್ಯೂಟರ್, ಉಪಕರಣಗಳಿಂದ ದನಿ ಕಟ್ಟುವವರು) ಸೇರಿ ಮಾಡಿದ ಆಲ್ಬಮ್‌ಗಳಲ್ಲಿ ನನಗೆ ಹೆಚ್ಚಾಗಿ ಕೇಳಿಸುವುದು ಪಿಯಾನೊ ಒಂದೇ. ಹಾಗಿದ್ದರೆ ಕವರ್ ಮೇಲೆ ಇಬ್ಬರ ಹೆಸರು ಯಾಕೆ?

ಉತ್ತರ: ಪಿಯಾನೊದ ಕೀ ಒತ್ತಿದಾಗ ಒಳಗಿನ ಸುತ್ತಿಗೆ ತಂತಿಗೆ ಬಡಿದು ತಕ್ಷಣ ಹಿಂದೆ ಸರಿಯುತ್ತದೆ. ಅಲ್ಲಿಗೆ ಆ ಸ್ವರ ವಾದಕರ ಕೈತಪ್ಪಿತು. ಪಿಟೀಲಿನವರು ಕಮಾನು ಎಳೆಯುತ್ತಲೇ ನಾದವನ್ನು ಹಿಗ್ಗಿಸಬಲ್ಲರು. ಪಿಯಾನೊದಲ್ಲಿ ಸ್ವರ ಹುಟ್ಟಿದ ಗಳಿಗೆಯಿಂದಲೇ ಇಳಿಯತೊಡಗುತ್ತದೆ. ಪೆಡಲ್ ಒತ್ತಿ ಅದನ್ನು ತುಸು ಹೊತ್ತು ಉಳಿಸಿಕೊಳ್ಳಬಹುದು, ಬೆಳೆಸಲಾಗದು. ಮೇಲ್ತುದಿಯ ಸ್ವರಗಳಂತೂ ಎಷ್ಟು ಬೇಗ ಆರುತ್ತವೆಂದರೆ, ಅವುಗಳ ತಂತಿಗಳಿಗೆ ನಾದ ನಿಲ್ಲಿಸುವ ಮೆತ್ತೆಯಾದ ಡ್ಯಾಂಪರನ್ನೇ ಇಟ್ಟಿರುವುದಿಲ್ಲ.

ಸುತ್ತಿಗೆಯ ಬಡಿತ ವಾದಕರದು. ಅದರ ಹಿಂದೆ ಉಳಿಯುವ ನಾದದ ಬಾಲ ಪ್ರೊಡ್ಯೂಸರ್ ಪಾಲಿನದು. ಒಳ್ಳೆಯ ಜೋಡಿಗಳಲ್ಲಿ ಕೆಲಸ ಹೀಗೆ ಹಂಚಿಹೋಗಿರುತ್ತದೆ ಎನ್ನುವುದು ನನ್ನ ಅನಿಸಿಕೆ. ಯಾವುದಾದರೂ ಆಡಿಯೊ ಎಡಿಟರ್‌ನಲ್ಲಿ ಪಿಯಾನೊದ ಒಂದೇ ಸ್ವರವನ್ನು ತೆರೆದು, ಬಡಿತವಿರುವ ಮೊದಲ ತುಣುಕನ್ನು ಕತ್ತರಿಸಿ ಕೇಳಿ. ಪಿಯಾನೊ ಎಂದು ಗುರುತು ಹಿಡಿಯುವುದೇ ಕಷ್ಟ. ಕೊಳಲೋ ಆರ್ಗನ್ನೋ ಎನ್ನಿಸುತ್ತದೆ. ಅದನ್ನೇ ಹಿಂದುಮುಂದಾಗಿ ಓಡಿಸಿದರೆ, ಯಾವ ವಾದಕರಿಗೂ ಸಾಧ್ಯವಾಗದಂತೆ ಸ್ವರ ಮೆಲ್ಲಗೆ ಉಬ್ಬಿ ಬರುತ್ತದೆ. ನಿಮಗೆ ಪಿಯಾನೊ ಒಂದೇ ಕೇಳಿಸುವುದಕ್ಕೆ ಬಹುಶಃ ಇದೂ ಕಾರಣ: ಎರಡನೆಯವರು ಬಳಸುವ ಕಚ್ಚಾ ಸಾಮಗ್ರಿಯೂ ಎಷ್ಟೋ ಸಲ ಅದೇ ಪಿಯಾನೊ.

1980ರಲ್ಲಿ ಪಿಯಾನೊ ನುಡಿಸುವ ಹೆರಾಲ್ಡ್ ಬಡ್ ಮತ್ತು ಪ್ರೊಡ್ಯೂಸರ್ ಬ್ರಯಾನ್ ಈನೋ ಹೊರತಂದ 'ದಿ ಪ್ಲಾಟೋ ಆಫ್ ಮಿರರ್' ಆಲ್ಬಮ್ ಈ ದಾರಿಯ ದೊಡ್ಡ ಹೆಜ್ಜೆ. ಈನೋ ಪಿಯಾನೊದ ದನಿಯನ್ನು ಉಪಕರಣಗಳ ಮೂಲಕ ಹಾಯಿಸಿ ಬದಲಿಸುತ್ತಿದ್ದರು, ಬಡ್ ಆ ಬದಲಾದ ದನಿಯನ್ನು ಕೇಳಿಸಿಕೊಳ್ಳುತ್ತ ಅದಕ್ಕೆ ತಕ್ಕಂತೆ ನುಡಿಸುತ್ತಿದ್ದರು. ಪ್ರತಿಧ್ವನಿ ತಾನೇ ದೀರ್ಘವಾಗಿ ತೇಲುವಾಗ ಬೆರಳು ಆತುರಪಡಬೇಕಾಗಿಲ್ಲ.

ನನಗೆ ಇನ್ನೂ ಇಷ್ಟವಾದದ್ದು ಜಪಾನಿನ ರಿಯುಇಚಿ ಸಕಾಮೊಟೊ ಮತ್ತು 'ಆಲ್ವಾ ನೋಟೋ' ಹೆಸರಿನ ಜರ್ಮನ್ ಕಲಾವಿದ ಕಾರ್ಸ್ಟನ್ ನಿಕೊಲಾಯ್ ಜೋಡಿ. 2002ರ 'ವ್ರಿಯೂನ್'ನಿಂದ 2011ರ 'ಸಮ್ವ್ಸ್'ವರೆಗೆ ಐದು ಧ್ವನಿಮುದ್ರಿಕೆಗಳು. (ಐದರ ಮೊದಲ ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಜೋಡಿಸಿದರೆ 'ವೈರಸ್' ಆಗುತ್ತದೆ, ತಮಾಷೆ.) ಸಕಾಮೊಟೊ ಎರಡು ಮೂರು ಸ್ವರ ನುಡಿಸಿ ಸುಮ್ಮನಾಗುತ್ತಾರೆ. ಆ ಬಿಡುವಿನಲ್ಲಿ ನಿಕೊಲಾಯ್ ಅವರ ಸೂಜಿಮೊನೆಯಂಥ ಸೈನ್ ತರಂಗಗಳು (ಒಂದೇ ಕಂಪನದ ಶುದ್ಧ ದನಿಗಳು), ಸಣ್ಣ ಟಿಕ್ ಸದ್ದುಗಳು, ಪಿಯಾನೊದಿಂದಲೇ ಕತ್ತರಿಸಿ ಲೂಪ್ ಮಾಡಿದ, ಅಂದರೆ ಮತ್ತೆ ಮತ್ತೆ ಸುತ್ತಿಸಿದ, ಚೂರುಗಳು ಬಂದು ಕೂರುತ್ತವೆ. ಪಿಯಾನೊ ಜಾಗ ಬಿಡದಿದ್ದರೆ ಇವುಗಳಿಗೆ ನಿಲ್ಲಲು ನೆಲೆಯೇ ಇಲ್ಲ. ಹೆಡ್‌ಫೋನ್ ಇಲ್ಲದೆ ಕೇಳಿದರೆ ಅರ್ಧ ತಪ್ಪಿಹೋಗುತ್ತದೆ, ಫೋನಿನ ಸ್ಪೀಕರ್‌ನಲ್ಲಂತೂ ಪಿಯಾನೊ ಮಾತ್ರ ಉಳಿದೀತು.

ನೃತ್ಯ ಸಂಗೀತಕ್ಕೆ ಬಂದರೆ ಜಗಳ ಬೇರೆ. ಪಿಯಾನೊ ವಾದಕರು ಲಯವನ್ನು ತುಸು ಎಳೆದು, ತುಸು ಬಿಗಿದು ನುಡಿಸುವವರು. ಕಂಪ್ಯೂಟರಿನ ಬೀಟ್ ಕದಲುವುದಿಲ್ಲ. ಎಡಗೈಯ ಮಂದ್ರ ಸ್ವರಗಳು ಬೀಟಿನ ದಪ್ಪ ಡ್ರಮ್ (ಕಿಕ್) ಮತ್ತು ಬೇಸ್ ಇರುವ ಜಾಗದಲ್ಲೇ ಬಂದು ಕಲಸುಮೇಲೋಗರವಾಗುತ್ತವೆ. ಹಾಗಾಗಿ ಎಷ್ಟೋ ಸಲ ಎಡಗೈಗೆ ರಜೆ. ಮಧುರ ಪಿಯಾನೊ ತುಣುಕಿನಡಿ ಬೀಟ್ ತುರುಕಿ 'ಜಂಟಿ ಕೃತಿ' ಎಂದು ಮಾರುವುದೂ ಉಂಟು. ಅಂಥ ಕಡೆ ನಿಮ್ಮ ಅನುಮಾನ ನ್ಯಾಯವಾದದ್ದೇ.

ಉಲ್ಟಾ ಉದಾಹರಣೆಯೂ ಇದೆ. 'ಪ್ಲಾಸ್ಟಿಕ್‌ಮ್ಯಾನ್' ಹೆಸರಿನಲ್ಲಿ ರಿಚಿ ಹಾಟಿನ್ 1998ರಲ್ಲಿ ತಂದ 'ಕನ್ಸ್ಯೂಮ್ಡ್' ಎಂಬ ಕಗ್ಗತ್ತಲ ಟೆಕ್ನೊ (ಯಂತ್ರದ ಲಯದ ಎಲೆಕ್ಟ್ರಾನಿಕ್ ಸಂಗೀತ) ಆಲ್ಬಮ್ ಮೇಲೆ ಪಿಯಾನೊ ವಾದಕ ಚಿಲ್ಲಿ ಗೊನ್ಸಾಲೆಸ್ ಬಹಳ ವರ್ಷಗಳ ನಂತರ ತಮ್ಮ ಪಿಯಾನೊ ಸೇರಿಸಿದರು. ಅದು 'ಕನ್ಸ್ಯೂಮ್ಡ್ ಇನ್ ಕೀ' ಆಗಿ 2022ರಲ್ಲಿ ಬಂತು. ಇಲ್ಲಿ ಮನೆ ಪ್ರೊಡ್ಯೂಸರ್‌ದು, ಅತಿಥಿ ಪಿಯಾನೊ. ಮೂಲವನ್ನು ಮೊದಲು ಕೇಳಿ, ಆಮೇಲೆ ಇದನ್ನು. ಗೊನ್ಸಾಲೆಸ್ ಎಲ್ಲೆಲ್ಲಿ ಕೈ ಎತ್ತಿ ಕೂರುತ್ತಾರೆ ಎಂಬುದರ ಮೇಲೆ ಕಿವಿಯಿಡಿ.