ಬಾಣಂತಿಯ ಕೈಯಲ್ಲಿ ಸೂಜಿ ಇರಲಿ

ಬಾಣಂತಿ ಓದಬಾರದು, ಬರೆಯಬಾರದು, ಹೊಲಿಗೆ ಮುಟ್ಟಬಾರದು, ಕಣ್ಣಿನ ನರ ಸೋಲುತ್ತದೆ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಗಟ್ಟಿಯಾಗಿ ಕುಳಿತಿದೆ. ಗರ್ಭಿಣಿ ಗ್ರಹಣದ ಹೊತ್ತಿನಲ್ಲಿ ಸೂಜಿ ಹಿಡಿದರೆ ಮಗುವಿನ ತುಟಿ ಸೀಳುತ್ತದೆ ಎಂದು ಹೆದರಿಸಿದವರೇ ಹೆರಿಗೆಯಾದ ಮೇಲೆ ಈ ಎರಡನೆಯ ಕಟ್ಟಳೆಯನ್ನೂ ಹೊತ್ತು ತರುತ್ತಾರೆ. ಎರಡಕ್ಕೂ ಆಧಾರವಿಲ್ಲ. ಸೀಳುತುಟಿ ಉಂಟಾಗುವುದು ಗರ್ಭದ ಮೊದಲ ಎರಡು ತಿಂಗಳಲ್ಲಿ ಮುಖದ ಅಂಗಾಂಶಗಳು ಪೂರ್ತಿ ಕೂಡಿಕೊಳ್ಳದಿದ್ದಾಗ. ಚಂದ್ರನ ನೆರಳಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನು ಕಣ್ಣಿನ ವಿಚಾರ. ಬಸಿರಿನಲ್ಲಿ ದೇಹ ನೀರು ಹಿಡಿದಿಟ್ಟುಕೊಳ್ಳುವುದರಿಂದ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ತುಸು ದಪ್ಪವಾಗಿ ದೃಷ್ಟಿ ಕೊಂಚ ಬದಲಾಗುವುದುಂಟು. ಹೆರಿಗೆಯ ನಂತರ ಅದು ತಾನಾಗಿ ಸರಿಹೋಗುತ್ತದೆ. ಸೂಕ್ಷ್ಮ ಕೆಲಸದಿಂದ ಕಣ್ಣು ದಣಿಯುತ್ತದೆಯೇ ಹೊರತು ಕೆಡುವುದಿಲ್ಲ. ಆದರೆ ದೃಷ್ಟಿ ಥಟ್ಟನೆ ಮಂಜಾಗಿ, ಜೊತೆಗೆ ತೀವ್ರ ತಲೆನೋವು ಬಂದರೆ ರಕ್ತದೊತ್ತಡ ಏರಿರಬಹುದು. ಆಗ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು 'ಹೆತ್ತ ಮೇಲೆ ಬುದ್ಧಿ ಮಂಕಾಗುತ್ತದೆ' ಎಂಬ ಇನ್ನೊಂದು ನಂಬಿಕೆ. ಓದಿದವರೂ ಇದನ್ನು ಒಪ್ಪಿಕೊಂಡು ಚಿತ್ರದ ಕುಂಚವನ್ನೋ ವೀಣೆಯನ್ನೋ ಅಟ್ಟಕ್ಕೆ ಏರಿಸಿಬಿಡುತ್ತಾರೆ. 2016ರಲ್ಲಿ ನರವಿಜ್ಞಾನಿ ಎಲ್ಸೆಲೀನ್ ಹೂಕ್ಸೆಮಾ ಮತ್ತು ಸಂಗಡಿಗರು ಚೊಚ್ಚಲ ತಾಯಂದಿರ ಮೆದುಳನ್ನು ಗರ್ಭ ಧರಿಸುವ ಮೊದಲೂ ಹೆರಿಗೆಯ ನಂತರವೂ ಸ್ಕ್ಯಾನ್ ಮಾಡಿ ನೋಡಿದರು. ಇತರರ ಮನಸ್ಸನ್ನು ಅರಿಯಲು ನೆರವಾಗುವ ಭಾಗಗಳಲ್ಲಿ ಬೂದು ದ್ರವ್ಯ, ಅಂದರೆ ನರಕೋಶಗಳು ತುಂಬಿದ ಅಂಗಾಂಶ, ಕಡಿಮೆಯಾಗಿತ್ತು. ಕನಿಷ್ಠ ಎರಡು ವರ್ಷ ಅದು ಹಾಗೆಯೇ ಉಳಿದಿತ್ತು. ಗಾಬರಿ ಬೇಡ, ಹದಿಹರೆಯದಲ್ಲೂ ಬೂದು ದ್ರವ್ಯ ಕುಗ್ಗುತ್ತದೆ, ಅದನ್ನು ನಾವು ಮೆದುಳು ಮಾಗುವುದು ಎನ್ನುತ್ತೇವೆ. ಆ ತಾಯಂದಿರ ನೆನಪಿನ ಶಕ್ತಿಯಲ್ಲಿ ಯಾವ ಕುಸಿತವೂ ಕಾಣಲಿಲ್ಲ.

ಹಾಗಾದರೆ ಆ ಮಂಕು ಎಲ್ಲಿಂದ ಬರುತ್ತದೆ? ಬಹುಪಾಲು ಹರಿದ ನಿದ್ರೆಯಿಂದ. ಹಸುಗೂಸಿನ ನಿದ್ರೆಗೆ ವಿಜ್ಞಾನದ ಚರಿತ್ರೆಯಲ್ಲಿ ದೊಡ್ಡ ಸ್ಥಾನವಿದೆ. ಷಿಕಾಗೊ ವಿಶ್ವವಿದ್ಯಾಲಯದ ನಿದ್ರಾ ಸಂಶೋಧಕ ನೆಥಾನಿಯೆಲ್ ಕ್ಲೈಟ್‌ಮನ್ 1938ರಲ್ಲಿ ತಮ್ಮ ಶಿಷ್ಯನೊಂದಿಗೆ ಕೆಂಟಕಿಯ ಮ್ಯಾಮತ್ ಗುಹೆಗೆ ಇಳಿದು, ಸೂರ್ಯನ ಬೆಳಕಿಲ್ಲದ ಕತ್ತಲಲ್ಲಿ 28 ಗಂಟೆಗಳ 'ದಿನ'ಕ್ಕೆ ಹೊಂದಿಕೊಳ್ಳಲು ಒಂದು ತಿಂಗಳು ಹೆಣಗಿದರು. ಶಿಷ್ಯ ಹೊಂದಿಕೊಂಡ, ಗುರುಗಳ ದೇಹ ಒಪ್ಪಲಿಲ್ಲ. ಮುಂದೆ ಅವರ ಇನ್ನೊಬ್ಬ ಶಿಷ್ಯ ಯೂಜೀನ್ ಅಸೆರಿನ್‌ಸ್ಕಿ ಮಲಗಿದ ಕೂಸುಗಳ ರೆಪ್ಪೆಗಳನ್ನು ಗಂಟೆಗಟ್ಟಲೆ ನೋಡುತ್ತ ಕುಳಿತರು. ಅಲ್ಲಿಂದ ಹೊರಟ ದಾರಿಯೇ 1953ರಲ್ಲಿ ಕಣ್ಣುಗುಡ್ಡೆಗಳು ವೇಗವಾಗಿ ಓಡಾಡುವ 'ರೆಮ್' ನಿದ್ರೆಯ ಶೋಧಕ್ಕೆ ಮುಟ್ಟಿತು. ತೊಟ್ಟಿಲ ಪಕ್ಕದಲ್ಲಿ ನಿಂತವರಿಗೆ ಸಿಕ್ಕ ಇಂಥ ಶೋಧ ನನಗೆ ಇಂದಿಗೂ ರೋಮಾಂಚನ ತರುತ್ತದೆ.

ಹುಟ್ಟಿದ ಕೂಸಿಗೆ ಹಗಲು ರಾತ್ರಿಯ ಗಡಿಯಾರ ಇನ್ನೂ ಕೂಡಿ ಬಂದಿರುವುದಿಲ್ಲ. ಅದರ ನಿದ್ರೆಯ ಆವರ್ತ ಸುಮಾರು 50 ನಿಮಿಷದ್ದು, ಹೊಟ್ಟೆ ಎರಡು ಮೂರು ಗಂಟೆಗೊಮ್ಮೆ ಹಾಲು ಕೇಳುತ್ತದೆ. ತಾಯಿ ಗಾಢ ನಿದ್ರೆಯಿಂದ ಎದ್ದಾಗ ಮೆದುಳಿನ ಆಳದಲ್ಲಿರುವ ಮೆದುಳುಕಾಂಡವೂ ಥಲಾಮಸ್ಸೂ ಬೇಗ ಎಚ್ಚರವಾಗುತ್ತವೆ. ಎಣಿಕೆ, ಯೋಜನೆ, ಆಯ್ಕೆಗಳನ್ನು ನೋಡಿಕೊಳ್ಳುವ ಹಣೆಯ ಹಿಂದಿನ ಭಾಗ ಮಾತ್ರ ಹದಿನೈದರಿಂದ ಮೂವತ್ತು ನಿಮಿಷ ತಡವಾಗಿ ತನ್ನ ಕೆಲಸಕ್ಕೆ ಮರಳುತ್ತದೆ. ಕೂಸು ಹಾಲು ಕುಡಿದು ಮಲಗಿದ ಕೂಡಲೇ ಹೊಸ ಚಿತ್ರ ಯೋಚಿಸಲು ಕುಳಿತವಳಿಗೆ ಏನೂ ಹೊಳೆಯದಿರುವುದು ಈ ಕಾರಣಕ್ಕೆ.

ನಿದ್ರೆಯ ಜೊತೆಗೇ ಬರುವ ಇನ್ನೊಂದು ಕಷ್ಟ, ಕೆಲಸ ನಡುವೆ ತುಂಡಾಗುವುದು. 1920ರ ದಶಕದ ಬರ್ಲಿನ್‌ನಲ್ಲಿ ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್ ಅವರ ಬಳಿ ಇದನ್ನು ಇಬ್ಬರು ಹೆಣ್ಣುಮಕ್ಕಳು ಅಭ್ಯಾಸ ಮಾಡಿದರು. ಬ್ಲೂಮಾ ಝೈಗಾರ್ನಿಕ್ 1927ರಲ್ಲಿ, ಅರ್ಧಕ್ಕೆ ನಿಂತ ಕೆಲಸ ಹೆಚ್ಚು ನೆನಪಿರುತ್ತದೆ ಎಂದರು. ಆ ಫಲಿತಾಂಶ ನಂತರದ ಪ್ರಯೋಗಗಳಲ್ಲಿ ಸರಿಯಾಗಿ ನಿಲ್ಲಲಿಲ್ಲ. ಮರುವರ್ಷ ಮಾರಿಯಾ ಓವ್ಸಿಯಾಂಕಿನಾ ತೋರಿಸಿದ್ದು ಹೆಚ್ಚು ಗಟ್ಟಿಯಾದದ್ದು: ನಡುವೆ ನಿಂತ ಕೆಲಸಕ್ಕೆ ಜನ, ಯಾರೂ ಹೇಳದಿದ್ದರೂ, ತಾವಾಗಿ ಮರಳುತ್ತಾರೆ. ಝೈಗಾರ್ನಿಕ್ ಮುಂದೆ ಮಾಸ್ಕೋದಲ್ಲಿ ನೆಲೆಸಿದರು. 1940ರಲ್ಲಿ ಗಂಡನ ಬಂಧನವಾಗಿ ಇಬ್ಬರು ಪುಟ್ಟ ಮಕ್ಕಳೊಂದಿಗೆ ಒಂಟಿಯಾದರೂ ಅವರು ಸಂಶೋಧನೆ ಬಿಡಲಿಲ್ಲ.

ಮರಳುವ ತವಕ ಇದ್ದರೆ ಸಾಲದು, ಎಲ್ಲಿಗೆ ಮರಳಬೇಕು ಎಂಬುದೂ ಗೊತ್ತಿರಬೇಕು. ಮನಶ್ಶಾಸ್ತ್ರಜ್ಞರಾದ ಎರಿಕ್ ಆಲ್ಟ್‌ಮನ್ ಮತ್ತು ಗ್ರೆಗರಿ ಟ್ರಾಫ್ಟನ್ 2002ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಬಿಟ್ಟ ಕೆಲಸದ ಗುರಿ ಮನಸ್ಸಿನಲ್ಲಿ ಕ್ಷಣಕ್ಷಣಕ್ಕೂ ಕ್ಷೀಣಿಸುತ್ತದೆ, ಆದರೆ ಅಳಿಯುವುದಿಲ್ಲ. ಬೂದಿ ಮುಚ್ಚಿದ ಕೆಂಡದಂತೆ ಇರುತ್ತದೆ. ಅದನ್ನು ಮತ್ತೆ ಊದಲು ಒಂದು ಸುಳಿವು ಬೇಕು. ಆ ಸುಳಿವನ್ನು ಕೆಲಸ ಬಿಟ್ಟೇಳುವ ಮುಂಚಿನ ಕೆಲವು ಸೆಕೆಂಡುಗಳಲ್ಲೇ ಕಟ್ಟಿಕೊಳ್ಳಬೇಕು. ಕೂಸು ಮುಲುಗಲು ಶುರುಮಾಡಿ ಜೋರಾಗಿ ಅಳುವವರೆಗಿನ ಆ ಚಿಕ್ಕ ಅವಧಿ ಇದೆಯಲ್ಲ, ಅದೇ ಸಾಕು. ಮಾಡಿದ್ದೇನು ಎಂದು ಬರೆದಿಡುವ ಅಗತ್ಯವಿಲ್ಲ, ಮುಂದಿನ ಹೆಜ್ಜೆ ಯಾವುದು ಎಂದು ಗುರುತು ಮಾಡಿದರೆ ಆಯಿತು. ಕತೆ ಬರೆಯುವವಳು ವಾಕ್ಯದ ನಡುವೆ ನಿಲ್ಲಿಸಲಿ. ಹಾಡುವವಳು ಚರಣದ ಮುಂದಿನ ಸಾಲನ್ನು ಚೀಟಿಯಲ್ಲಿ ಗೀಚಿಡಲಿ.

ಧಾರವಾಡ ಸೀಮೆಯ ಕಸೂತಿಯಲ್ಲಿ ಈ ವಿಜ್ಞಾನವೆಲ್ಲ ಒಟ್ಟಿಗೆ ಕಾಣಿಸುತ್ತದೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ಗಂಟು ಹಾಕದೆ, ಎಳೆ ಎಣಿಸಿ ಹಾಕುವ ಹೊಲಿಗೆ ಅದು. ಎಣಿಕೆ ತಪ್ಪಿದರೆ ಚಿತ್ತಾರದ ಗೋಪುರ ವಾಲುತ್ತದೆ, ಚಿತ್ತಾರದ ತೊಟ್ಟಿಲು ಸೊಟ್ಟಗಾಗುತ್ತದೆ. ಅದರ ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಹೊಲಿಗೆ ಹಾಕಿ ಒಂದು ಜಾಗ ಖಾಲಿ ಬಿಡುತ್ತ ಸಾಗುತ್ತದೆ, ಹಿಂತಿರುಗುವಾಗ ಆ ಖಾಲಿ ಜಾಗಗಳನ್ನು ತುಂಬುತ್ತದೆ. ಹೋಗುವಾಗ ಎಣಿಕೆ ಬೇಕು. ಬರುವಾಗ ಖಾಲಿ ಜಾಗಗಳೇ ದಾರಿ ತೋರಿಸುತ್ತವೆ. ಬಾಣಂತಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ತಿಳಿದಿಲ್ಲ. ನಿದ್ದೆಗಣ್ಣಿನ ಹೊತ್ತಿಗೆ ಹಿಂದಿರುಗುವ ಹೊಲಿಗೆ, ತಲೆ ತಿಳಿಯಾದ ಮೇಲೆ ಹೊಸ ಎಣಿಕೆ. ಏಳುವಾಗ 'ಎಡಕ್ಕೆ ನಾಲ್ಕು ಎಳೆ' ಎಂದು ಬರೆದಿಟ್ಟು, ಸೂಜಿಯನ್ನು ಮುಚ್ಚಳದ ಡಬ್ಬಿಗೆ ಹಾಕಬೇಕು. ಬೇರೆ ಕಲೆಗಳಲ್ಲೂ ಇಂಥ ಹಿಂದಿರುಗುವ ಕೆಲಸ ಇದ್ದೇ ಇರುತ್ತದೆ: ಬಣ್ಣ ತುಂಬುವುದು, ಪ್ರತಿ ತಿದ್ದುವುದು, ವೀಣೆಯಲ್ಲಿ ಕಲಿತ ವರ್ಣವನ್ನೇ ಮತ್ತೆ ನುಡಿಸುವುದು.

ಎರಡು ಮೂರು ತಿಂಗಳ ಹೊತ್ತಿಗೆ ಕೂಸಿನಲ್ಲಿ ನಿದ್ರೆಗೆ ಅಣಿಮಾಡುವ ಮೆಲಟೋನಿನ್ ಹಾರ್ಮೋನು ರಾತ್ರಿ ಏರಿ ಹಗಲು ಇಳಿಯತೊಡಗುತ್ತದೆ, ರಾತ್ರಿಯ ನಿದ್ರೆ ಮೆಲ್ಲಗೆ ಉದ್ದವಾಗುತ್ತದೆ. ಅಲ್ಲಿಯವರೆಗೆ ಬಾಣಂತನ ಮಾಡುವವರು ಕಟ್ಟಳೆಗಳ ಪಟ್ಟಿಯನ್ನು ಬದಿಗಿಟ್ಟು, ತಾಯಿಗೆ ದಿನಕ್ಕೊಮ್ಮೆ ನಾಲ್ಕು ಗಂಟೆಯ ಅಖಂಡ ನಿದ್ರೆ ಕೊಡಿಸಲಿ. ಶುದ್ಧ ಪಾತ್ರೆಯಲ್ಲಿ ಹಿಂಡಿಟ್ಟ ಎದೆಹಾಲು ಅಷ್ಟು ಹೊತ್ತು ಫ್ರಿಜ್‌ನಲ್ಲಿ ಕೆಡದೆ ಉಳಿಯುತ್ತದೆ. ಒಳಲೆಯಲ್ಲಿ ಹಾಲು ಕುಡಿಸುವುದು ಅಜ್ಜಿಗೆ ಗೊತ್ತು. ಅಪ್ಪನೂ ಒಂದು ಮಧ್ಯಾಹ್ನದಲ್ಲಿ ಅವಳಿಂದ ಕಲಿಯಬಹುದು.